ಇಂದುಬಾಯಿಯ ಮೂರು ತಾಲೂಕು

ಯಾರಾದರೂ ತಮ್ಮ ಬೆನ್ನ ಹಿಂದೆ ‘ಗಂಡ ಬಿಟ್ಟಾಕಿ’ ಎಂದು ಪಿಸುಗುಟ್ಟಿದ್ದು ಕಿವಿಗೆ ಬಿದ್ದರೆ ಇಂದುಬಾಯಿ ಹೊರಟಿದ್ದ ದಾರಿ ಬಿಟ್ಟು ತಿರುಗಿ ಬರುತ್ತಿದ್ದರು. ಸಿಟ್ಟಿಲ್ಲ, ಜಗಳವಿಲ್ಲ. ಶಾಲೆಯ ಮಾಸ್ತರರು ಪಾಟಿಯ ಮೇಲಿನ ತಪ್ಪು ತಿದ್ದುವ ಹಾಗೆ ತಿದ್ದುತ್ತಿದ್ದರು: ‘ಗಂಡ ಬಿಟ್ಟಾಕಿ ಅಲ್ರಿ, ಗಂಡನ್ನ ಬಿಟ್ಟಾಕಿ. ಅಂವ ಇನ್ನೂ ಹಾದಿ ನೋಡಾಕತ್ತಾನ.’ ಅಂದವರು ಮುಖ ಎಲ್ಲಿಡಬೇಕೆಂದು ತಿಳಿಯದೆ ನಿಂತಿರುವಾಗಲೇ ಕೈಚೀಲದಿಂದ ಕುಕ್ಕರಿನ ಚಿತ್ರವಿದ್ದ ಕಾಗದ ತೆಗೆದು, ‘ಅದು ಇರಲಿ, ನಿಮ್ಮ ಮನ್ಯಾಗ ಬ್ಯಾಳಿ ಕುದಿಯಾಕ ಎಷ್ಟು ಹೊತ್ತು ಹಿಡೀತದ?’ ಎಂದು ಕೇಳುತ್ತಿದ್ದರು.

ಅವರು ಆಳಂದ ತಾಲೂಕಿನ ಹಿರೋಳ್ಳಿಯವರು. ಲಿಂಗಾಯತರ ಮನೆತನ. ಗಡಿಯಾಚೆ ನೆಂಟಸ್ತನ ಇದ್ದುದರಿಂದ ಸಿಟ್ಟು ಬಂದಾಗ ಮರಾಠಿಯಲ್ಲೂ, ವ್ಯಾಪಾರದಲ್ಲಿ ಕನ್ನಡದಲ್ಲೂ ಮಾತಾಡುತ್ತಿದ್ದರು. ನಾನು ಮೊದಲು ಕಂಡಾಗ ನಲವತ್ತರ ಆಸುಪಾಸು. ಎತ್ತರದ ಹೆಂಗಸು, ಕೊರಳಲ್ಲಿ ಲಿಂಗದ ಕರಡಿಗೆ, ಎಡಗೈಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಆ ಗಡಿಯಾರದ ದೆಸೆಯಿಂದಲೇ ನಮ್ಮ ಮನೆಗೆ ಅವರ ಪರಿಚಯವಾದದ್ದು. ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ಅಬ್ಬಾನ ಗಡಿಯಾರ ರಿಪೇರಿ ಅಂಗಡಿ ಇತ್ತು. ಕಣ್ಣು ಮಂಜಾಗಿ ಅಬ್ಬಾ ಅಂಗಡಿ ಮುಚ್ಚಿದ ಮೇಲೂ ಇಂದುಬಾಯಿ ಗಡಿಯಾರ ಬಿಚ್ಚಿಕೊಂಡು ನಮ್ಮ ಮನೆಗೇ ಬಂದರು. ‘ಕಣ್ಣು ಕಾಣದಿದ್ದರ ಏನಾತು ಉಸ್ತಾದ್, ಕಿವಿ ಕೇಳ್ತಾವಲ್ಲ, ಎಲ್ಲಿ ತಪ್ಪಾಕತ್ತೈತಿ ಕೇಳಿ ಹೇಳ್ರಿ’ ಎಂದರು. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಅಂದೇ ನೋಡಿದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಪಿಯುಸಿ ಮುಗಿಸಿ ಮೂರು ವರ್ಷದಿಂದ ಮನೆಯಲ್ಲಿ ಕೂತಿದ್ದೆ. ಮುಂದಿನ ವಾರವೇ ಅವರು ಅಮ್ಮಿಯ ಎದುರು ಬಂದು ಕೂತರು. ಕಲಬುರಗಿಯ ಒಬ್ಬ ಪಾತ್ರೆ ವ್ಯಾಪಾರಿ ಪ್ರೆಷರ್ ಕುಕ್ಕರಿನ ಏಜೆನ್ಸಿ ಹಿಡಿದಿದ್ದಾರೆ, ಅವರ ಮಾಲನ್ನು ಹಳ್ಳಿಗಳಲ್ಲಿ ಮಾರುವುದು ತಮ್ಮ ಕೆಲಸ, ಜೊತೆಗೆ ಒಬ್ಬ ಓದಿದ ಹುಡುಗಿ ಬೇಕು ಎಂದು ವಿಷಯ ಬಿಚ್ಚಿಟ್ಟರು.

‘ಹುಡುಗಿ ಊರೂರು ತಿರುಗಿದರ ನಾಳೆ ಸಂಬಂಧ ಯಾರು ತರ್ತಾರ ಬಾಯಾರ?’ ಎಂದಳು ಅಮ್ಮಿ.

‘ಮನ್ಯಾಗ ಕುಂತು ಇಷ್ಟು ವರ್ಷ ಆತಲ್ಲ, ಎಷ್ಟು ಮಂದಿ ತಂದರು?’

ಒಳಗಿನ ಕೋಣೆಯಲ್ಲಿ ಅಬ್ಬಾ ನಕ್ಕಿದ್ದು ಕೇಳಿಸಿತು. ಅಮ್ಮಿ ಮಾತು ಬದಲಿಸಿದಳು. ‘ಪಗಾರ ಎಷ್ಟು ಕೊಡ್ತಾರ?’

‘ಪಗಾರ ಇಲ್ಲ. ಮಾರಿದರ ಕಮಿಷನ್. ಮಾರಲಿಲ್ಲಂದರ ಬಸ್ ಚಾರ್ಜೂ ನಮ್ದೇ.’

‘ಪಗಾರ ಇಲ್ಲದ್ದು ಎಂಥಾ ನೌಕ್ರಿ?’

‘ಪಗಾರ ಕೊಡಾಂವ ಇದ್ದರ ಬೈಯ್ಯಾಂವನೂ ಇರ್ತಾನ್ರಿ. ಇಲ್ಲಿ ಬೈಯ್ಯಾಕ ಯಾರಿಗೂ ಹಕ್ಕಿಲ್ಲ’ ಎಂದರು ಇಂದುಬಾಯಿ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅಮ್ಮಿ ಹೂಂ ಎನ್ನುವ ಮೊದಲೇ ನಾನು ಚಪ್ಪಲಿ ಹುಡುಕತೊಡಗಿದ್ದೆ.

ಆ ವ್ಯಾಪಾರಿಯನ್ನು ನಾವು ಸಾವಕಾರರು ಎಂದೇ ಕರೆಯುತ್ತಿದ್ದೆವು. ಅವರ ಹತ್ತಿರ ಕಮಿಷನ್ ಮೇಲೆ ದುಡಿಯುವ ಗಂಡಸರೂ ಇದ್ದರು. ಅವರು ಕಲಬುರಗಿಯ ಬಡಾವಣೆಗಳಲ್ಲೇ ಸುತ್ತಿ, ಕೆಲವು ತಿಂಗಳಲ್ಲಿ ಬೇಸತ್ತು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳನ್ನು ಕೇಳುವವರೇ ಇರಲಿಲ್ಲ. ಕಟ್ಟಿಗೆ ಒಲೆಯ ಹಳ್ಳಿಗಳಲ್ಲಿ ಕುಕ್ಕರ್ ಯಾರು ಕೊಳ್ಳುತ್ತಾರೆ ಎಂದು ನಗುತ್ತಿದ್ದರು. ಇಂದುಬಾಯಿ ಅವನ್ನೇ ಕೇಳಿ ಪಡೆದಿದ್ದರು. ‘ತೊಗರಿ ಬೆಳೆಯೂ ನಾಡಿನಾಗ ಮೂರೂ ಹೊತ್ತು ಬ್ಯಾಳಿ. ಆ ಬ್ಯಾಳಿ ಕುದಿಸಿ ಕುದಿಸಿ ಹೆಂಗಸರ ಕಣ್ಣು ಹೊಗಿ ಕುಡದಾವ. ಇಲ್ಲಿ ಮಾರಲಾರದ್ದು ಮತ್ತೆಲ್ಲಿ ಮಾರೂದು?’ ಎನ್ನುತ್ತಿದ್ದರು.

ಮೊದಲ ದಿನ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವರು ಬುತ್ತಿ ಬಿಚ್ಚಿದರು. ನನಗೆ ಹಸಿವಿಲ್ಲ ಎಂದೆ. ‘ತಿನ್ನು. ಹಸಿದು ಮಾರಾಕ ಹೋಗಬ್ಯಾಡ. ಹಸಿವು ಮುಖದ ಮ್ಯಾಲ ಕಾಣಸ್ತದ. ನಿನ್ನ ಊಟ ತನ್ನ ಕೈಯಾಗ ಐತಿ ಅಂತ ಗಿರಾಕಿಗೆ ಗೊತ್ತಾತಂದರ ಅಂವ ದಾನ ಮಾಡಾಕ ನಿಲ್ತಾನ, ಇಲ್ಲಾ ಆಟ ಆಡ್ಸಾಕ ನಿಲ್ತಾನ. ಖರೀದಿ ಮಾತ್ರ ಮಾಡಂಗಿಲ್ಲ.’ ಬಸ್ಸಿನ ಧೂಳಿನಲ್ಲಿ ನಿಂತುಕೊಂಡೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಊರು ಹೊಕ್ಕ ಮೇಲೆ ಅವರು ಬಾವಿಯ ಹತ್ತಿರ ನೀರು ಸೇದುತ್ತಿದ್ದವರನ್ನು ಕೇಳಿದ್ದು ಒಂದೇ: ಈ ಓಣಿಯಲ್ಲಿ ಎಲ್ಲರಿಗಿಂತ ಬಾಯಿ ಜೋರಿದ್ದ ಹೆಂಗಸು ಯಾರು? ನಾವು ನೇರವಾಗಿ ಅವಳ ಮನೆಗೇ ಹೋದೆವು. ಆಕೆ ನಮ್ಮನ್ನು ಕಂಡದ್ದೇ ತಡ, ‘ಸಿಡಿಯೂ ಸಾಮಾನು ನಮ್ಮ ಮನಿಗೆ ಯಾಕ ತಂದೀರಿ, ಎತ್ರಿ’ ಎಂದು ಓಣಿಯೆಲ್ಲ ಕೇಳುವಂತೆ ಕೂಗಿದಳು. ನಾನು ಹೆಜ್ಜೆ ಹಿಂದಿಟ್ಟೆ. ಇಂದುಬಾಯಿ ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳಿದರು. ಅಷ್ಟರಲ್ಲಿ ಕೂಗು ಕೇಳಿ ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಬಂದು ನೆರೆದರು. ನಮಗೆ ಬೇಕಾಗಿದ್ದೂ ಅದೇ. ಮನೆ ಮನೆಗೆ ಹೋಗಿ ಕರೆದಿದ್ದರೆ ಅಷ್ಟು ಮಂದಿ ಬರುತ್ತಿರಲಿಲ್ಲ.

ಅಂಗಳದಲ್ಲಿ ಸೀಮೆಎಣ್ಣೆ ಸ್ಟವ್ ಹೊತ್ತಿಸಿ ಆ ಮನೆಯ ಬೇಳೆಯನ್ನೇ ಹಾಕಿದೆವು. ಮೊದಲ ಸೀಟಿಗೆ ಅರ್ಧ ಮಂದಿ ಹೊರಗೆ ಓಡಿದರು. ಒಬ್ಬ ಮುದುಕಿ ಕಂಬ ಹಿಡಿದುಕೊಂಡು ದೇವರ ಹೆಸರು ಹೇಳತೊಡಗಿದಳು. ಇಂದುಬಾಯಿ ಕುಕ್ಕರಿನ ಮಗ್ಗುಲಲ್ಲೇ ಮೊಳಕಾಲು ಮಡಚಿ ಕೂತು, ಆ ಮನೆಯ ಮೊರ ತೆಗೆದುಕೊಂಡು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಿ ನೋಡಲೂ ಇಲ್ಲ. ಎರಡನೆಯ ಸೀಟಿಗೆ ಓಡಿದವರು ತಿರುಗಿ ಬಂದರು. ಮುಚ್ಚಳ ತೆಗೆದಾಗ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಬಾಯಿ ಜೋರಿದ್ದವಳು ಬೆರಳಲ್ಲಿ ಹಿಸುಕಿ ನೋಡಿ, ‘ಇಷ್ಟು ಲಗು?’ ಎಂದಳು. ಆಕೆಯೇ ಮೊದಲು ಕೊಂಡದ್ದು. ಆಕೆ ಕೊಂಡಮೇಲೆ ಕೊಳ್ಳುವ ಉಳಿದವರನ್ನು ಹಂಗಿಸುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಇವೆಲ್ಲ ಅವರ ಯುಕ್ತಿಗಳು. ಆದರೆ ಸುಳ್ಳು ಅವರ ಯುಕ್ತಿಗಳಲ್ಲಿ ಇರಲಿಲ್ಲ. ನಾಳೆ ರೇಟು ಏರುತ್ತದೆ ಎಂದು ನಾನೊಮ್ಮೆ ಗಿರಾಕಿಗೆ ಹೇಳಿದಾಗ ಅವಳ ಎದುರಿಗೇ ನನ್ನನ್ನು ತಡೆದು, ‘ಏರಂಗಿಲ್ರಿ, ಹುಡುಗಿಗೆ ಗೊತ್ತಿಲ್ಲ. ಮುಂದಿನ ತಿಂಗಳೂ ಇಷ್ಟೇ’ ಎಂದರು. ಆ ದಿನ ಆ ಮನೆಯಲ್ಲಿ ಮಾರಾಟವಾಗಲಿಲ್ಲ. ಮುಂದಿನ ತಿಂಗಳು ಆಯಿತು. ಮಾರಿದ ಮೇಲೆ ಅದೇ ಮನೆಗೆ ಮತ್ತೆ ಹೋಗುವುದು ಅವರ ಇನ್ನೊಂದು ಪದ್ಧತಿ. ‘ಮಾರೂಕಿಂತ ಮೊದಲ ಎಲ್ಲಾರೂ ಹೋಗ್ತಾರ. ಮಾರಿದ ಮ್ಯಾಲ ಹೋಗು. ಬ್ಯಾಳಿ ಹ್ಯಾಂಗ ಕುದಿಯಾಕತ್ತದ ಕೇಳು. ಬೈದರ ಬೈಸ್ಕೋ. ನಿನ್ನ ಎದುರಿಗೆ ಬೈದಾಕಿ ಓಣ್ಯಾಗ ಬೈಯ್ಯಂಗಿಲ್ಲ.’ ಬೇಡ ಎಂದವರ ಬಾಗಿಲಲ್ಲಿ ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ. ಮುಂದಿನ ಸಲ ಅದೇ ಬಾಗಿಲ ಮುಂದೆ ಹಾಯುವಾಗ ಕುಕ್ಕರಿನ ಸುದ್ದಿ ತೆಗೆಯದೆ ಮಕ್ಕಳ ಯೋಗಕ್ಷೇಮ ಕೇಳಿ ಮುಂದೆ ನಡೆಯುತ್ತಿದ್ದರು.

ಒಮ್ಮೆ ಆಳಂದದ ಕಡೆಯ ಒಂದು ಹಳ್ಳಿಯಲ್ಲಿ, ದೊಡ್ಡ ವಾಡೆಯಂಥ ಮನೆ. ಮನೆಯ ಸೊಸೆ ಇಂದುಬಾಯಿಗೆ ತಂಬಿಗೆಯಲ್ಲಿ ನೀರು ಕೊಟ್ಟು, ನನ್ನ ಹೆಸರು ಕೇಳಿ ತಿಳಿದುಕೊಂಡು, ನನಗೆ ಬೊಗಸೆ ಒಡ್ಡಲು ಹೇಳಿದಳು. ನನಗೆ ಅದೇನೂ ಹೊಸದಾಗಿರಲಿಲ್ಲ. ಬಗ್ಗಿದೆ. ಇಂದುಬಾಯಿ ತಮ್ಮ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು, ನನ್ನ ಪಕ್ಕದಲ್ಲಿ ಬಗ್ಗಿ ತಾವೂ ಬೊಗಸೆ ಒಡ್ಡಿದರು. ‘ನನಗೂ ಹಿಂಗ ಹಾಕ್ರಿ’ ಎಂದರು. ಸೊಸೆ ಗಲಿಬಿಲಿಗೊಂಡು ಹಾಕಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಬೇಳೆ ಬೇಯಿಸಿ ತೋರಿಸಿ ಅವರಿಗೆ ಕುಕ್ಕರ್ ಮಾರಿದರು. ಗಿರಾಕಿ ಚೌಕಾಶಿ ಮಾಡಿದರೆ ತಮ್ಮ ಕಮಿಷನ್ನಿನಲ್ಲೇ ಒಂದಿಷ್ಟು ಬಿಟ್ಟುಕೊಡುವುದು ಅವರ ರೂಢಿ. ಅಂದು ಆ ಮನೆಯವರು ಎಷ್ಟು ಎಳೆದಾಡಿದರೂ ಒಂದು ರೂಪಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ನಾನು ಯಾಕೆಂದು ಕೇಳಿದೆ. ‘ಆಕಿ ನೀರು ಎತ್ತರದಿಂದ ಹಾಕಿದ್ಲು, ನಾ ರೇಟು ಎತ್ತರಕ್ಕ ಹಿಡದೆ’ ಎಂದು ಮುಂದೆ ನಡೆದರು.

ಹೀಗೆ ಮೂರು ತಾಲೂಕುಗಳಲ್ಲಿ ಅವರ ಕುಕ್ಕರ್ ಕೂಗದ ಊರು ಕಡಿಮೆ ಎನ್ನುವ ಹೊತ್ತಿಗೆ ಜೇವರ್ಗಿ ಕಡೆಯ ಇಜೇರಿಯಿಂದ ಸುದ್ದಿ ಬಂತು. ನೀಲಮ್ಮ ಎಂಬ ಹೆಂಗಸಿನ ಮನೆಯಲ್ಲಿ ಕುಕ್ಕರಿನ ಸೇಫ್ಟಿ ವಾಲ್ವ್ ಕಿತ್ತು ಹಾರಿತ್ತು. ಕುದಿಯುವ ಬೇಳೆ ಮಾಳಿಗೆಯ ತೊಲೆಗೆ ಚಿಮ್ಮಿ, ಆಕೆಯ ಮುಂಗೈ ಸುಟ್ಟಿತ್ತು. ಕುಕ್ಕರನ್ನು ನಾವೇ ಮಾರಿದ್ದೆವು. ಇಂದುಬಾಯಿಯ ಬಾಂಬು ಎಂಬ ಹೆಸರು ಆಗಲೇ ಬಸ್ಸುಗಳಲ್ಲಿ ಓಡಾಡುತ್ತಿತ್ತು.

ಸಾವಕಾರರು ನಮ್ಮನ್ನು ಕರೆಸಿ, ‘ಆಕಿನೇ ತುಂಬ ಹಾಕಿರ್ಬೇಕು. ಹಳ್ಳಿ ಹೆಂಗಸ್ರಿಗೆ ಏನ್ ತಿಳೀತದ. ಆ ಊರಿನ ಕಡೆ ಸ್ವಲ್ಪ ದಿವಸ ಹೋಗಬ್ಯಾಡ್ರಿ’ ಎಂದರು. ಇಂದುಬಾಯಿ ಆ ಮಧ್ಯಾಹ್ನವೇ ಇಜೇರಿಯ ಬಸ್ ಹತ್ತಿದರು. ನಾನೂ ಹತ್ತಿದೆ.

ನೀಲಮ್ಮನ ಮೈದುನಂದಿರು ನಮ್ಮನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಒಬ್ಬನು ಕೈಯಲ್ಲಿದ್ದ ಬಾರುಕೋಲನ್ನೂ ಕೆಳಗಿಡಲಿಲ್ಲ. ಇಂದುಬಾಯಿ ಹೊರಗಿನ ಕಟ್ಟೆಯ ಮೇಲೆ ಕೂತರು. ‘ಬೈರಿ. ಮುಗಿದ ಮ್ಯಾಲ ಹೇಳ್ರಿ, ನಾ ಇಲ್ಲೇ ಇರ್ತೇನಿ’ ಎಂದರು. ಬಹಳ ಹೊತ್ತಿನ ಮೇಲೆ ನೀಲಮ್ಮ ತಾನಾಗಿಯೇ ಹೊರಗೆ ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ‘ನೀವು ಹೇಳಿಕೊಟ್ಟಷ್ಟೇ ಹಾಕಿದ್ದೆ ಬಾಯಾರ, ಅರ್ಧಕ್ಕಿಂತ ಕಡಿಮಿ’ ಎಂದಳು. ಇಂದುಬಾಯಿ ಒಳಗಿನಿಂದ ಮುಚ್ಚಳವನ್ನೂ ಕಿತ್ತು ಬಿದ್ದಿದ್ದ ವಾಲ್ವನ್ನೂ ತರಿಸಿದರು. ನೆರೆಮನೆಯಲ್ಲಿ ನಾವು ಹಿಂದಿನ ವರ್ಷ ಮಾರಿದ ಕುಕ್ಕರ್ ಇತ್ತು. ಎರಡನ್ನೂ ಪಕ್ಕದಲ್ಲಿ ಇಟ್ಟಾಗ ಯಾರಿಗಾದರೂ ತಿಳಿಯುವಂತಿತ್ತು. ಹಳೆಯದರ ವಾಲ್ವಿನ ಮೇಲೆ ಕಂಪನಿಯ ಗುರುತು ಇತ್ತು. ಹೊಸದರ ಮೇಲೆ ಏನೂ ಇರಲಿಲ್ಲ. ಕಂಪನಿಯ ಮಾಲು ಸಾವಕಾರರ ಕೈ ದಾಟಿಯೇ ನಮಗೆ ಬರುತ್ತಿತ್ತು; ಅವರು ಕಂಪನಿಯ ವಾಲ್ವ್ ಕಿತ್ತು ಬೇರೆಯಾಗಿ ಮಾರಿಕೊಂಡು, ಅಗ್ಗದ್ದನ್ನು ಕೂರಿಸಿ ನಮ್ಮ ಕೈಗೆ ಕೊಟ್ಟಿದ್ದರು.

ಮುಂದಿನ ದಿನಗಳಲ್ಲಿ ಇಂದುಬಾಯಿ ಮಾಡಿದ್ದನ್ನು ನಮ್ಮ ದಂಧೆಯಲ್ಲಿ ಯಾರೂ ಮಾಡುವುದಿಲ್ಲ. ಆ ಸಲದ ಮಾಲು ಮಾರಿದ್ದ ಒಂದೊಂದು ಮನೆಗೂ ಹೋಗಿ, ‘ಇದನ್ನ ಒಲಿ ಮ್ಯಾಲ ಇಡಬ್ಯಾಡ್ರಿ’ ಎಂದು ಹೇಳಿದರು. ಕೆಲವರು ಮುಖಕ್ಕೆ ಬಾಗಿಲು ಹಾಕಿದರು. ಕೆಲವರು ಕುಕ್ಕರನ್ನು ಅಂಗಳಕ್ಕೆ ಎಸೆದರು. ನಾನು ತಡೆಯಲಾರದೆ, ‘ಬಾಯಾರ, ನಾಳೆ ಈ ಊರಾಗ ನಮ್ಮನ್ನ ಯಾರು ಕರೀತಾರ?’ ಎಂದೆ. ‘ಮಾರೂ ಮುಂದ ಬಾಯಿ ಇತ್ತು, ಈಗ ಇಲ್ಲೇನು?’ ಎಂದು ನನ್ನನ್ನೇ ಕೇಳಿದರು.

ಆಮೇಲೆ ನೀಲಮ್ಮನನ್ನು ಕರೆದುಕೊಂಡು, ಆ ಕುಕ್ಕರುಗಳನ್ನು ಚೀಲಗಳಲ್ಲಿ ತುಂಬಿಕೊಂಡು ಕಲಬುರಗಿಗೆ ಹೋದೆವು. ಲಗ್ನದ ಹಂಗಾಮು. ಅಂಗಡಿಯ ತುಂಬ ಭಾಂಡೆ ಪಾತ್ರೆ ಕೊಳ್ಳುವ ಗಿರಾಕಿಗಳು. ಇಂದುಬಾಯಿ ಒಳಗೆ ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಸ್ಟವ್ ಇಟ್ಟು, ಹೊತ್ತಿಸಿ, ಆ ಮಾಲಿನದೇ ಒಂದು ಕುಕ್ಕರಿಗೆ ಬೇಳೆ, ನೀರು ಹಾಕಿ ಮುಚ್ಚಳ ಬಿಗಿದರು.

‘ಸಾವಕಾರ್ರ, ಇದು ನಿಮ್ಮ ಅಂಗಡಿ ಮಾಲು. ಅರ್ಧಕ್ಕಿಂತ ಕಡಿಮಿ ಹಾಕೇನಿ, ಎಲ್ಲಾರೂ ನೋಡ್ಯಾರ. ಬರ್ರಿ, ಬಾಜೂಕ ಕೂಡ್ರಿ. ಮೂರು ಸೀಟಿ ಆಗೂ ತನಕ ಕೂಡ್ರಿ, ಸಾಕು.’

‘ಬಾಯಾರ, ಒಳಗ ಬರ್ರಿ. ಚಾ ಕುಡ್ಕೋಂತ ಮಾತಾಡೂಣು.’

‘ಮಾತು ಬ್ಯಾಡ್ರಿ. ಕೂಡ್ರಿ.’

ಇಂದುಬಾಯಿ ತಾವು ಮಾತ್ರ ಎಂದಿನಂತೆ ಮಗ್ಗುಲಲ್ಲಿ ಕೂತರು. ನೀಲಮ್ಮ ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದಳು. ಕುಕ್ಕರ್ ಬುಸುಗುಡತೊಡಗಿತು. ಬೀದಿಯ ಮಂದಿ ನಿಂತರು. ಅಂಗಡಿಯೊಳಗಿನ ಗಿರಾಕಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಾವಕಾರರು ಗಲ್ಲಾದ ಹಿಂದಿನಿಂದ ಅಲುಗಲಿಲ್ಲ. ಮಗಳ ಲಗ್ನಕ್ಕೆ ಭಾಂಡೆ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು, ‘ಯಾಕ್ರಿ, ಕೂಡ್ರಂಗಿಲ್ಲೇನು?’ ಎಂದು ಮೆಲ್ಲಗೆ ಕೇಳಿದರು.

‘ಸ್ಟವ್ ಆರಸ್ರಿ’ ಎಂದರು ಸಾವಕಾರರು.

‘ಯಾಕ ಆರಸ್ಲಿ?’

‘ಆರಸ್ರಿ ಬಾಯಾರ. ಎಲ್ಲಾ ಬದಲಿ ಮಾಡಿ ಕೊಡ್ತೇನಿ.’

‘ಈಕಿ ದವಾಖಾನಿ ಖರ್ಚು?’

‘ಕೊಡ್ತೇನಿ.’

ಇಂದುಬಾಯಿ ಸ್ಟವ್ ಆರಿಸಿದರು. ಎದ್ದು ನಿಲ್ಲುವಾಗ ನನ್ನ ತೋಳು ಹಿಡಿದರು. ಸ್ಟವ್ ತಣ್ಣಗಾಗುವವರೆಗೂ ಬಿಡಲಿಲ್ಲ. ಅವರಿಗೂ ಹೆದರಿಕೆ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಅಂದೇ.

ಕುಕ್ಕರುಗಳಿಗೆಲ್ಲ ಕಂಪನಿಯ ವಾಲ್ವ್ ಕೂರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗಿರಾಕಿಗಳು ಹೋದ ಮೇಲೆ ಸಾವಕಾರರು, ‘ನಾಳಿಂದ ನೀವು ಬರೂದು ಬ್ಯಾಡ. ಆ ಮೂರು ತಾಲೂಕು ಬ್ಯಾರೆಯವರಿಗೆ ಕೊಡ್ತೇನಿ’ ಎಂದರು.

ಇಂದುಬಾಯಿ ಚೀಲದ ಬಾಯಿ ಕಟ್ಟುತ್ತಲೇ ಉತ್ತರ ಕೊಟ್ಟರು. ‘ನೌಕ್ರಿ ಕೊಟ್ಟಾಂವ ಕಸಗೋಬಹುದು. ನೀವು ನನಗ ಏನು ಕೊಟ್ಟೀರಿ? ಪಗಾರ ಕೊಟ್ಟಿಲ್ಲ, ಬಸ್ ಚಾರ್ಜ್ ಕೊಟ್ಟಿಲ್ಲ, ಬಿಸಿಲಿಗೆ ಒಂದು ಛತ್ರಿ ಕೊಟ್ಟಿಲ್ಲ. ಆಳಂದ ನಂದು, ಅಫಜಲಪುರ ನಂದು, ಜೇವರ್ಗಿ ನಂದು. ಅವು ನಿಮ್ಮ ಗೋದಾಮಿನಾಗ ಇಲ್ಲ, ಎತ್ತಿ ಇನ್ನೊಬ್ಬರಿಗೆ ಕೊಡಾಕ.’

ಕೆಲವು ದಿನಗಳಲ್ಲೇ ಸಾವಕಾರರು ನನಗೆ ಹೇಳಿ ಕಳಿಸಿದರು. ಮೂರೂ ತಾಲೂಕುಗಳನ್ನು ನೀನೇ ನೋಡಿಕೋ ಎಂದರು. ನಾನು ಉತ್ತರ ಕೊಡದೆ ಹಿರೋಳ್ಳಿಗೆ ಹೋದೆ. ಇಂದುಬಾಯಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ನಾನು ಹೇಳಿದ್ದನ್ನು ಪೂರಾ ಕೇಳಿ, ‘ತಗೋ’ ಎಂದರು.

‘ನಿಮ್ಮ ಊರುಗಳನ್ನ ನಾ ಹ್ಯಾಂಗ ತಗೊಳ್ಲಿ?’

‘ತಗೋತೀನಂದರ ನಾ ಕೊಡ್ತೇನೇನು? ನಾ ಸೋಲಾಪುರದಿಂದ ಬ್ಯಾರೆ ಕಂಪನಿ ಮಾಲು ತರಾಕತ್ತೇನಿ. ಅದೇ ಊರಿಗೆ ಬರ್ತೇನಿ, ನಿನ್ನ ಎದುರಿಗೇ ಮಾರ್ತೇನಿ. ಸಾವಕಾರ ಈಗ ಹೆದರ್ಯಾನ, ಮಾಲು ಚಲೋ ಕೊಡ್ತಾನ. ನೀ ನಿನ್ನ ಮಾಲು ಮಾರು.’ ಸ್ವಲ್ಪ ತಡೆದು ಹೇಳಿದರು: ‘ಆದರ ನನ್ನ ಮುಖ ನೋಡಿ ಸೋಲಬ್ಯಾಡ ಬೇ. ಹಂಗ ಸೋತರ ನನಗ ಸಿಟ್ಟು ಬರ್ತದ.’

ಅಲ್ಲಿಂದ ಮುಂದಿನ ವರ್ಷಗಳು ನನ್ನ ಬಾಳಿನಲ್ಲೇ ಅತ್ಯಂತ ಮೋಜಿನವು. ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಒಂದೇ ಬುತ್ತಿ ತಿನ್ನುತ್ತಿದ್ದೆವು. ಊರು ಬಂದ ಕೂಡಲೇ ಅವರು ಒಂದು ಓಣಿ, ನಾನು ಒಂದು ಓಣಿ. ಹೆಚ್ಚಾಗಿ ಅವರದೇ ಗೆಲುವು. ಒಮ್ಮೆ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಗಾರರ ಮನೆಗಳಲ್ಲಿ ನಾನು ತಂದದ್ದೆಲ್ಲ ಮಾರಿದೆ, ಅವರದು ಒಂದೂ ಹೋಗಲಿಲ್ಲ. ಅವರು ನನ್ನನ್ನು ಕರೆದುಕೊಂಡು ನನ್ನ ಗಿರಾಕಿಯೊಬ್ಬಳ ಮನೆಗೇ ಹೋಗಿ, ‘ಈ ಹುಡುಗಿ ನಿಮಗ ಏನು ಹೇಳಿ ಮಾರಿದ್ಲು?’ ಎಂದು ಕೇಳಿದರು. ‘ಏನೂ ಹೇಳ್ಲಿಲ್ರಿ. ನನ್ನ ಬಾಣಂತನದ ಸುದ್ದಿ ಕೇಳ್ಕೋಂತ ಕುಂತಿದ್ಲು. ಕಡೀಕ ನಾನೇ ಕೇಳ್ದೆ, ಚೀಲ್ದಾಗ ಏನೈತಿ ಅಂತ’ ಎಂದಳು ಆಕೆ. ತಿರುಗಿ ಬರುವ ಬಸ್ಸಿನಲ್ಲಿ ಇಂದುಬಾಯಿ ಮಾರದ ಕುಕ್ಕರುಗಳ ಚೀಲವನ್ನು ಕಾಲ ಹತ್ತಿರ ಸರಿಸಿಕೊಂಡರು. ಆಮೇಲೆ ಹೇಳಿದರು:

‘ಅದು ನಾ ಹೇಳಿಕೊಟ್ಟದ್ದಲ್ಲ.’

‘ಅಲ್ರಿ.’

‘ಹಂಗಾದರ ನನಗ ಹೇಳಿಕೊಡು.’

ಬಾರದೆಂದು ಅಮ್ಮಿ ಹೆದರಿದ್ದ ಸಂಬಂಧವೂ ಬಂತು, ಜೇವರ್ಗಿಯಲ್ಲಿ ನಾನು ಕುಕ್ಕರ್ ಮಾರಿದ ಮನೆಯಿಂದಲೇ. ತೊಂಬತ್ತರ ದಶಕದಲ್ಲಿ ತಾಲೂಕಿನ ಅಂಗಡಿಗಳಲ್ಲೆಲ್ಲ ಕುಕ್ಕರ್ ಸಾಲುಗಟ್ಟಿ ಕೂತವು. ನಾನೂ ನನ್ನ ಗಂಡನೂ ಜೇವರ್ಗಿಯಲ್ಲಿ ಸಣ್ಣ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟೆವು. ಇಂದುಬಾಯಿಯನ್ನೂ ಪಾಲಿಗೆ ಕರೆದೆ. ಅಂಗಡಿಗೆ ಬಂದು, ಕೂತು, ಸುತ್ತಲೂ ನೋಡಿದರು. ‘ಚಲೋ ಮಾಡೀರಿ. ಆದರ ಗಿರಾಕಿ ಬರೂ ಹಾದಿ ನೋಡ್ಕೋಂತ ಕೂಡೂದು ನನ್ನ ಕಡಿಂದ ಆಗಂಗಿಲ್ಲ’ ಎಂದು ಚಾ ಕುಡಿದು ಎದ್ದುಬಿಟ್ಟರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಹಿರೋಳ್ಳಿಯ ತಮ್ಮನ ಮನೆಯಲ್ಲಿ, ಬೆಳಗಿನ ಚಹಾ ಕುಡಿದು ಕೂತಲ್ಲೇ ಹೋಗಿದ್ದರಂತೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನನ್ನ ಪಾಲಿಗೆ ಕೊನೆಯ ಭೇಟಿ ಎಂದರೆ ಅದಕ್ಕೂ ಕೆಲವು ತಿಂಗಳ ಹಿಂದೆ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಆದದ್ದೇ.

ನಾನು ಒಂದು ಲಗ್ನ ಮುಗಿಸಿ ಜೇವರ್ಗಿಯ ಬಸ್ಸಿಗೆ ಕಾಯುತ್ತಿದ್ದೆ. ಅವರು ಕಲ್ಲು ಬೆಂಚಿನ ಮೇಲೆ ಕೂತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು, ಕಾಲು ಬಾತಿದ್ದವು. ಸೋಲಾಪುರದ ಡಾಕ್ಟರು ಗುಂಡಿಗೆ ದಣಿದಿದೆ, ಭಾರ ಎತ್ತಬೇಡಿ ಎಂದಿದ್ದಾರೆಂದು ಅವರ ತಮ್ಮ ನನಗೆ ಮೊದಲೇ ತಿಳಿಸಿದ್ದ. ಮಗ್ಗುಲಲ್ಲಿ ಚೀಲ ಕಂಡು ನಾನು ಬೈದೆ.

‘ಎತ್ತಿ ನೋಡು’ ಎಂದರು. ಎತ್ತಿದೆ, ಹಗುರವಾಗಿತ್ತು. ಒಳಗೆ ಚಾರ್ಜ್ ಮಾಡುವ ಸಣ್ಣ ಬ್ಯಾಟರಿ ದೀಪಗಳು. ‘ಡಾಕ್ಟರ್ ಭಾರ ಎತ್ತಬ್ಯಾಡ ಅಂದಾನ, ಮಾರಬ್ಯಾಡ ಅಂದಿಲ್ಲ. ರಾತ್ರಿ ಹೊಲಕ್ಕ ನೀರು ಬಿಡಾಕ ಹೋಗೋರಿಗೆ ಬೇಕಾಗ್ತಾವ.’

‘ಮನ್ಯಾಗ ಇರಬಾರದೇನು ಬಾಯಾರ? ತಮ್ಮ ಚಂದ ನೋಡ್ಕೋತಾನ.’

‘ಚಂದ ನೋಡ್ಕೋತಾನ. ನಾ ಏನು ಇಲ್ಲ ಅಂದ್ನೇನು?’

ಬಸ್ ಬಂತು. ನಮ್ಮ ಮೂರು ತಾಲೂಕಿನದಲ್ಲ, ಭೀಮಾ ನದಿ ದಾಟಿ ಆಚೆ ದಂಡೆಯ ಊರುಗಳಿಗೆ ಹೋಗುವ ಬಸ್ಸು. ಅವರು ನನ್ನ ಹೆಗಲ ಮೇಲೆ ಕೈಯೂರಿ ಎದ್ದರು. ನಾನು ಚೀಲ ಹಿಡಿದು ಹತ್ತಿಸಿ, ಕಿಟಕಿಯ ಹತ್ತಿರ ಕೂರಿಸಿ ಕೆಳಗೆ ಇಳಿದೆ. ಅಷ್ಟು ವರ್ಷ ಜೊತೆಗೆ ತಿರುಗಿದ್ದರೂ ಆ ಕಡೆಗೆ ನಾವು ಒಮ್ಮೆಯೂ ಹೋಗಿರಲಿಲ್ಲ.

‘ಆ ಕಡೆ ನಿಮ್ಮ ಗುರುತಿನವರು ಯಾರು ಅದಾರ ಬಾಯಾರ?’ ಎಂದು ಕಿಟಕಿಯ ಸರಳು ಹಿಡಿದು ಕೇಳಿದೆ.

ಡ್ರೈವರ್ ಗಾಡಿ ಬಿಟ್ಟಿದ್ದ. ಇಂದುಬಾಯಿ ಸೆರಗು ಸರಿಮಾಡಿಕೊಂಡು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದರು:

‘ಈಗ ಯಾರೂ ಇಲ್ಲ. ಸಂಜೀಕ ಇರ್ತಾರ.’